ಕೀಮೋ, ಮತಗಟ್ಟೆ, ಕಾಫಿ ಕೊಯ್ಲು: ಕೊಡಗಿನಲ್ಲಿ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನಲ್ಲಿ ಕ್ಯಾನ್ಸರ್ ಚಿಕಿತ್ಸೆ ಎಂದರೆ ಅರ್ಧ ಚಿಕಿತ್ಸೆ, ಅರ್ಧ ಪ್ರಯಾಣ. ರೋಗ ಪತ್ತೆಯಾದ ದಿನದಿಂದ ಮನೆಯವರ ಮಾತೆಲ್ಲ ಮೈಸೂರು, ಮಂಗಳೂರು, ಬೆಂಗಳೂರು, ತಲಶ್ಶೇರಿಗಳ ಸುತ್ತಲೇ ತಿರುಗುತ್ತದೆ. ಊರಿನ ಉಳಿದ ವ್ಯವಹಾರ ಮಾತ್ರ ಯಾರಿಗಾಗಿಯೂ ನಿಲ್ಲುವುದಿಲ್ಲ. ಚುನಾವಣೆ ಬರುತ್ತದೆ, ಬಜೆಟ್ ಬರುತ್ತದೆ, ರೊಬಸ್ಟಾ ಹಣ್ಣಾಗುತ್ತದೆ, ಸಹಕಾರ ಸಂಘದ ಸಾಲದ ಗಡುವು ಹತ್ತಿರವಾಗುತ್ತದೆ. ನಾನೂ ಚಿಕಿತ್ಸೆ ಪಡೆದವನು, ಆಮೇಲೆ ಪರಿಚಯದ ಹಲವರ ಜೊತೆ ಆಸ್ಪತ್ರೆಗೆ ಹೋಗಿ ಬಂದವನು. ಜನ ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಔಷಧದ ವಿಷಯದಲ್ಲಿ ನಿಮ್ಮ ವೈದ್ಯರು ಹೇಳಿದ್ದೇ ಕೊನೆಯ ಮಾತು.

ಯಾವ ದಿನ ಹೇಗಿರುತ್ತೇನೋ ಗೊತ್ತಿಲ್ಲ. ಹೀಗಿರುವಾಗ ಮುಂದಿನದನ್ನು ಯೋಜಿಸುವುದು ಹೇಗೆ?

ಅಷ್ಟೇನೂ ಗೊತ್ತಿಲ್ಲದ್ದಲ್ಲ. ಕೀಮೋಗೆ ತನ್ನದೇ ಒಂದು ಲಯವಿದೆ. ಬಹಳಷ್ಟು ಜನರಿಗೆ ಇಪ್ಪತ್ತೊಂದು ದಿನಗಳಿಗೊಮ್ಮೆ ಔಷಧ ಹಾಕುತ್ತಾರೆ. ಮೊದಲ ನಾಲ್ಕೈದು ದಿನ ವಾಕರಿಕೆ, ಸುಸ್ತು, ಬಾಯಿಗೆ ರುಚಿಯಿಲ್ಲದಿರುವುದು. ಸಾಮಾನ್ಯವಾಗಿ ಏಳರಿಂದ ಹದಿನಾಲ್ಕನೇ ದಿನದ ನಡುವೆ ಬಿಳಿ ರಕ್ತಕಣಗಳು ತೀರಾ ಇಳಿಯುತ್ತವೆ. ವಾರ್ಡಿನಲ್ಲಿ ಇದನ್ನೇ ‘ಕೌಂಟ್ ಬಿದ್ದಿದೆ’ ಎನ್ನುತ್ತಾರೆ. ಮೂರನೆಯ ವಾರ ಮೈ ಸ್ವಲ್ಪ ಸುಧಾರಿಸುತ್ತದೆ, ತಲೆಯೂ ತಿಳಿಯಾಗುತ್ತದೆ. ಆ ವಾರ ನಿಮ್ಮದು. ಬ್ಯಾಂಕು, ವಕೀಲರು, ಉಪನೋಂದಣಾಧಿಕಾರಿ ಕಚೇರಿ, ತೋಟದ ಲೆಕ್ಕ, ತಮ್ಮನ ಜೊತೆ ಬಾಕಿ ಉಳಿದ ಜಗಳ, ಎಲ್ಲವನ್ನೂ ಅಲ್ಲಿಗೆ ತಳ್ಳಿ. ಮೊದಲ ವಾರದಲ್ಲಿ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಇದಕ್ಕೆ ಮೊಬೈಲ್ ಆ್ಯಪ್ ಬೇಕಿಲ್ಲ, ಗೋಡೆಯ ಮೇಲಿನ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಸಾಕು. ಕೀಮೋ ದಿನಕ್ಕೆ ಒಂದು ಗುರುತು, ಕೌಂಟ್ ಬೀಳುವ ವಾರಕ್ಕೆ ಅಡ್ಡಗೆರೆ. ಹುತ್ತರಿ, ಕಾವೇರಿ ಸಂಕ್ರಮಣ, ಬೆಳೆ ಸಾಲದ ಗಡುವು, ಮತದಾನದ ದಿನ ಎಲ್ಲವೂ ಅದೇ ಹಾಳೆಯ ಮೇಲಿರಲಿ. ಯಾವುದು ಯಾವುದಕ್ಕೆ ಢಿಕ್ಕಿ ಹೊಡೆಯುತ್ತದೆ ಎಂಬುದು ಮನೆಯವರೆಲ್ಲರ ಕಣ್ಣಿಗೂ ಬೀಳುತ್ತದೆ. ಒಂದೆರಡು ದಿನ ಆಚೀಚೆ ಮಾಡಬಹುದೇ ಎಂದು ವೈದ್ಯರನ್ನು ಕೇಳುವುದರಲ್ಲಿ ಸಂಕೋಚವೇನೂ ಬೇಡ. ಕೆಲವು ಚಿಕಿತ್ಸೆಗಳಲ್ಲಿ ಆಗುತ್ತದೆ, ಕೆಲವದರಲ್ಲಿ ಆಗುವುದಿಲ್ಲ.

ವಾರವಾರವೂ ಕೀಮೋ ಇರುವವರಿಗೆ ಈ ಮೂರನೆಯ ವಾರ ಎಂಬುದಿಲ್ಲ. ಮುಂದಿನ ಔಷಧಕ್ಕೆ ಮುಂಚಿನ ಎರಡು ದಿನಗಳನ್ನೇ ನಿಮ್ಮದೆಂದು ಇಟ್ಟುಕೊಳ್ಳಿ. ಕರೆಂಟ್ ಕೊಡಿಸುವವರದು, ಅಂದರೆ ವಿಕಿರಣ ಚಿಕಿತ್ಸೆಯವರದು, ಬೇರೆಯೇ ಕಥೆ: ಸೋಮವಾರದಿಂದ ಶುಕ್ರವಾರದವರೆಗೆ ದಿನವೂ, ಹಲವು ವಾರ. ಮಡಿಕೇರಿಯಿಂದ ದಿನಾ ಮೈಸೂರಿಗೆ ಓಡಾಡುವ ಹುಮ್ಮಸ್ಸು ಮೊದಲ ವಾರದಲ್ಲೇ ಇಳಿದುಹೋಗುತ್ತದೆ. ಬಾಡಿಗೆ ಕೋಣೆಯನ್ನೋ ಆಸ್ಪತ್ರೆಯ ಧರ್ಮಶಾಲೆಯನ್ನೋ ಮೊದಲೇ ನೋಡಿಕೊಳ್ಳಿ.

ಊರಿನಲ್ಲಿರುವಾಗ ಜ್ವರ ಬಂದರೆ?

100.4 ಫ್ಯಾರನ್‌ಹೀಟ್ ಅಥವಾ 38 ಸೆಲ್ಸಿಯಸ್ ಮುಟ್ಟಿದರೆ ಅದು ತುರ್ತು ಪರಿಸ್ಥಿತಿ. ಬೆಳಗಾಗಲಿ ನೋಡೋಣ ಎನ್ನುವಂತಿಲ್ಲ. ವೈದ್ಯರಿಗೆ ಫೋನ್ ಮಾಡುವ ಮೊದಲು ಪ್ಯಾರಾಸಿಟಮಾಲ್ ನುಂಗಬೇಡಿ, ಜ್ವರ ಮುಚ್ಚಿಹೋಗುತ್ತದೆ. ಬಿಳಿಕಣ ಕಡಿಮೆಯಿದ್ದಾಗ ಆಂಟಿಬಯೋಟಿಕ್ ಬೇಗ ರಕ್ತಕ್ಕೆ ಸೇರುವುದೇ ಮುಖ್ಯ. ಮೈಸೂರಿಗೆ ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ರಾತ್ರಿ ಹೊತ್ತು, ಮಂಜು, ಸಿದ್ದಾಪುರ, ವಿರಾಜಪೇಟೆ ಕಡೆಯಾದರೆ ರಸ್ತೆಯಲ್ಲಿ ಆನೆ. ಆದ್ದರಿಂದ ಕೀಮೋ ಶುರುವಾಗುವ ಮುನ್ನವೇ ನಿಮ್ಮ ವೈದ್ಯರಿಂದ ಒಂದು ಪತ್ರ ಬರೆಸಿಕೊಳ್ಳಿ: ಯಾವ ಔಷಧ ನಡೆಯುತ್ತಿದೆ, ಜ್ವರ ಬಂದರೆ ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಏನು ಕೊಡಬೇಕು. ಅದರ ಪ್ರತಿ ಫೈಲಿನಲ್ಲೊಂದು, ಕಾರಿನಲ್ಲೊಂದು. ತುರ್ತು ವಿಭಾಗದ ಬಾಗಿಲಲ್ಲಿ ಹೆಸರಿಗಿಂತ ಮೊದಲು ‘ಕೀಮೋ ನಡೆಯುತ್ತಿದೆ’ ಎಂದು ಹೇಳಿ.

ಮಳೆಗಾಲದಲ್ಲಿ ಚಿಕಿತ್ಸೆ ಬಿದ್ದರೆ ಏನು ಮಾಡುವುದು?

2018ರ ಆಗಸ್ಟ್‌ನ ಮಳೆ, ಭೂಕುಸಿತ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಮುಂಗಾರು ಜೋರಾಗಿರುವಾಗ ಕೀಮೋಗೆ ಹಿಂದಿನ ದಿನವೇ ಘಟ್ಟ ಇಳಿದು ಉಳಿದುಕೊಳ್ಳುವುದು ಕ್ಷೇಮ. ಸಂಪಾಜೆ ಅಥವಾ ಮಾಕುಟ್ಟ ದಾರಿಯಾಗಿ ಹೋಗುವವರು ಪರ್ಯಾಯ ದಾರಿ ಕೇಳಿಟ್ಟುಕೊಂಡಿರಿ. ಫ್ರಿಜ್‌ನಲ್ಲಿಡುವ ಚುಚ್ಚುಮದ್ದನ್ನು ಮನೆಗೆ ಕೊಟ್ಟರೆ, ದಿನಗಟ್ಟಲೆ ಕರೆಂಟ್ ಹೋಗುವ ಊರು ನಮ್ಮದು ಎಂದು ಅಲ್ಲೇ ಹೇಳಿ. ಪೇಟೆಯ ಔಷಧ ಅಂಗಡಿಯ ಫ್ರಿಜ್‌ನಲ್ಲಿ ಇರಿಸಿಕೊಂಡವರಿದ್ದಾರೆ.

ಇನ್ನೆರಡು ವಿಷಯ ಬಯಲುಸೀಮೆಯ ವೈದ್ಯರ ಗಮನಕ್ಕೆ ತಾನಾಗಿ ಬರುವುದಿಲ್ಲ. ಮೊದಲನೆಯದು ಚಳಿ. ಕರುಳಿನ ಕ್ಯಾನ್ಸರ್‌ಗೆ ಕೊಡುವ ಆಕ್ಸಾಲಿಪ್ಲಾಟಿನ್ ಔಷಧ ಹಾಕಿದ ಮೇಲೆ ಕೆಲವು ದಿನ ತಣ್ಣನೆಯದು ಮುಟ್ಟಿದರೆ ಬೆರಳುಗಳಲ್ಲಿ ಸೂಜಿ ಚುಚ್ಚಿದಂತಾಗುತ್ತದೆ, ತಣ್ಣೀರು ಕುಡಿದರೆ ಗಂಟಲು ಹಿಡಿದುಕೊಂಡಂತಾಗುತ್ತದೆ. ಜುಲೈ ತಿಂಗಳಲ್ಲಿ ಮಡಿಕೇರಿಯ ನಲ್ಲಿ ನೀರು, ಗೇಟಿನ ಕಬ್ಬಿಣದ ಚಿಲಕ, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲು ಎಲ್ಲವೂ ಮಂಜುಗಡ್ಡೆಯೇ. ಉಣ್ಣೆಯ ಕೈಗವಸು, ಫ್ಲಾಸ್ಕ್ ತುಂಬ ಬೆಚ್ಚನೆಯ ನೀರು ಜೊತೆಗಿರಲಿ. ಎರಡನೆಯದು ಜಿಗಣೆ. ಪ್ಲೇಟ್‌ಲೆಟ್ ಇಳಿದಿರುವಾಗ ಜಿಗಣೆ ಕಚ್ಚಿದ ಜಾಗದ ರಕ್ತ ಸುಲಭವಾಗಿ ನಿಲ್ಲುವುದಿಲ್ಲ, ಬಿಳಿಕಣ ಇಳಿದಿರುವಾಗ ಗಾಯ ಕೀವಾಗುತ್ತದೆ. ತೋಟ ಸುತ್ತುವ ಚಟವನ್ನು ಮಳೆ ಬಿಡುವವರೆಗೆ ವರಾಂಡದಲ್ಲೇ ತೀರಿಸಿಕೊಳ್ಳಿ. ಕೊಟ್ಟಿಗೆ, ಗೊಬ್ಬರದ ಗುಂಡಿ, ಕಾಫಿ ಪಲ್ಪರ್‌ನ ಸಿಪ್ಪೆಯ ರಾಶಿ, ಇವುಗಳಿಂದಲೂ ದೂರ.

ಆಟಿ ಪಾಯಸ ತಿನ್ನಬಹುದೇ?

ಕಕ್ಕಡ ಹದಿನೆಂಟು, ಅಂದರೆ ಕೊಡಗಿನ ಆಟಿ ತಿಂಗಳ ಹದಿನೆಂಟನೆಯ ದಿನ, ಹತ್ತಿರವಾಗುತ್ತಿದ್ದಂತೆ ಬರುವ ಪ್ರಶ್ನೆ. ಆ ದಿನ, ಆಗಸ್ಟ್ 3ರಂದು, ಪಾಯಸಕ್ಕೆ ಹಾಕುವ ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದೆ ಎಂಬುದು ನಮ್ಮ ಹಿರಿಯರ ನಂಬಿಕೆ. ಪಾಯಸ ತಿಂದ ಮಾರನೆಯ ದಿನ ಮೂತ್ರ ಕೆಂಪಾಗುತ್ತದೆ ಎಂಬುದು ಇಲ್ಲಿ ಮಕ್ಕಳಿಗೂ ಗೊತ್ತು. ಸ್ತನದ ಕ್ಯಾನ್ಸರ್ ಮುಂತಾದವಕ್ಕೆ ಕೊಡುವ ಡಾಕ್ಸೊರುಬಿಸಿನ್ ಎಂಬ ಕೆಂಪು ಔಷಧವೂ ಒಂದೆರಡು ದಿನ ಮೂತ್ರವನ್ನು ಕೆಂಪಾಗಿಸುತ್ತದೆ. ಎರಡೂ ಒಟ್ಟಿಗೆ ಆದರೆ ಯಾವುದು ಪಾಯಸದ್ದು, ಯಾವುದು ಔಷಧದ್ದು, ಯಾವುದು ನಿಜವಾದ ರಕ್ತ ಎಂದು ಹೇಳುವವರು ಯಾರು? ಆದ್ದರಿಂದ ಆ ವಾರ ಕೀಮೋ ಇದ್ದರೆ ಪಾಯಸ ಮನೆಯವರಿಗಿರಲಿ. ಉಳಿದ ಸಮಯದಲ್ಲಿ ವೈದ್ಯರನ್ನು ಕೇಳಿ ಒಂದು ಚಮಚ ರುಚಿ ನೋಡಿ. ನಾಟಿ ಔಷಧ, ಕಷಾಯ, ಪುಡಿ, ಏನೇ ತೆಗೆದುಕೊಂಡರೂ ವೈದ್ಯರಿಗೆ ಮುಚ್ಚಿಡಬೇಡಿ. ಅವರು ಬೈದರೂ ಪರವಾಗಿಲ್ಲ, ಲಿವರ್ ಏಕೆ ಕೈಕೊಟ್ಟಿತೆಂದು ಅವರಿಗೆ ತಿಳಿದಿರಬೇಕು.

ಹಂದಿ ಮಾಂಸ, ಕಣಿಲೆ, ಅಣಬೆ ಚೆನ್ನಾಗಿ ಬೆಂದಿದ್ದರೆ ಸಾಕು. ಬಾಯಿ ಹುಣ್ಣಾಗಿರುವಾಗ ಕಾಚಂಪುಳಿ (ನಮ್ಮ ಕಡೆಯ ಕಪ್ಪು ಹುಳಿ) ಹಾಕಿದ ಸಾರು ಬೆಂಕಿ. ಆಗ ನೂಲ್‌ಪುಟ್ಟಿಗೆ, ಅಂದರೆ ಅಕ್ಕಿ ಶಾವಿಗೆಗೆ, ಹಾಲು, ಇಲ್ಲವೇ ಮೆತ್ತಗಿನ ಗಂಜಿ.

ಖರ್ಚಿಗೆ ಸರ್ಕಾರದಿಂದ ಏನು ಸಿಗುತ್ತದೆ?

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್ ಕುಟುಂಬಕ್ಕೆ ನಿಗದಿತ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಅದಿಲ್ಲದೆ ಮೈಸೂರಿಗೆ ಹೋಗಿ ಕೌಂಟರ್‌ನಲ್ಲಿ ವಾದ ಮಾಡಿದರೆ ದಿನ ಹಾಳು. ಪಡಿತರ ಚೀಟಿ ಚಾಲ್ತಿಯಲ್ಲಿದೆಯೇ ಎಂದು ಮೊದಲು ನೋಡಿ. 2024ರ ಕೊನೆಯಲ್ಲಿ ಬಿಪಿಎಲ್ ಕಾರ್ಡ್ ರದ್ದತಿಯ ಗಲಾಟೆ ಎದ್ದಾಗ ಅದನ್ನು ಬರೀ ಅಕ್ಕಿಯ ವಿಷಯ ಎಂದುಕೊಂಡವರೇ ಹೆಚ್ಚು. ಕ್ಯಾನ್ಸರ್ ಇರುವ ಮನೆಗೆ ಅದು 5 ಲಕ್ಷಕ್ಕೂ 1.5 ಲಕ್ಷಕ್ಕೂ ಇರುವ ಅಂತರ.

ಶಕ್ತಿ ಯೋಜನೆಯಡಿ ರಾಜ್ಯದೊಳಗಿನ ಸಾಮಾನ್ಯ, ಎಕ್ಸ್‌ಪ್ರೆಸ್ ಸರ್ಕಾರಿ ಬಸ್‌ಗಳಲ್ಲಿ ಮಹಿಳೆಯರಿಗೆ ಟಿಕೆಟ್ ಇಲ್ಲ. ರೋಗಿಯ ಜೊತೆ ಹೋಗುವ ಅಕ್ಕ, ಅತ್ತಿಗೆಯರಿಗೂ ಇದು ಅನ್ವಯ. ಆದಾಯ ತೆರಿಗೆ ಕಟ್ಟುವವರು ಹಳೆಯ ಪದ್ಧತಿಯಲ್ಲಿದ್ದರೆ ಇಂಥ ಕಾಯಿಲೆಯ ಚಿಕಿತ್ಸೆಯ ಖರ್ಚಿಗೆ ಸಿಗುವ ತೆರಿಗೆ ಕಡಿತದ (1961ರ ಕಾಯ್ದೆಯಲ್ಲಿ 80ಡಿಡಿಬಿ) ಬಗ್ಗೆ ಲೆಕ್ಕಿಗರನ್ನು ಕೇಳಿ.

‘ನ್ಯೂಸ್ ನೋಡಬೇಡಿ, ರಕ್ತದೊತ್ತಡ ಏರುತ್ತದೆ’ ಎಂದು ಮನೆಯವರು ರಿಮೋಟ್ ಕಸಿದುಕೊಳ್ಳುತ್ತಾರೆ. ರಾಜಕೀಯ ಬಿಡಬೇಕೇ?

ಬಿಡಬೇಡಿ. ಇದು ನನ್ನ ಖಚಿತ ಅಭಿಪ್ರಾಯ, ಇದನ್ನು ಒಪ್ಪದ ವೈದ್ಯರೂ ಇದ್ದಾರೆ.

ಕಾಯಿಲೆ ಬಂದ ಮೇಲೆ ಎದುರಿಗೆ ಸಿಕ್ಕವರೆಲ್ಲ ಕೇಳುವುದು ಒಂದೇ: ಊಟ ಸೇರುತ್ತದೆಯೇ, ಕೌಂಟ್ ಎಷ್ಟು, ಕೂದಲು ಬಂತೇ. ಪ್ರೀತಿಯಿಂದಲೇ ಕೇಳುತ್ತಾರೆ, ಆದರೆ ಮನುಷ್ಯ ಬರೀ ರಿಪೋರ್ಟ್ ಆಗಿಬಿಡುತ್ತಾನೆ. ರಾಜಕೀಯದ ಮಾತಿನಲ್ಲಿ ಮಾತ್ರ ಎದುರಿನವನು ನಿಮಗೆ ರಿಯಾಯಿತಿ ಕೊಡುವುದಿಲ್ಲ. 2024ರ ಜೂನ್ 4ರಂದು, ಲೋಕಸಭೆಯ ಮತ ಎಣಿಕೆಯ ದಿನ, ನಾನು ಕೀಮೋ ವಾರ್ಡಿನಲ್ಲಿದ್ದೆ. ಟಿವಿಯ ಧ್ವನಿ ಆರಿಸಿದ್ದರು. ಸಾಲಾಗಿ ಒರಗುಕುರ್ಚಿಗಳು, ಪ್ರತಿಯೊಂದರ ಪಕ್ಕ ಒಂದು ಡ್ರಿಪ್ ಕಂಬ. ಕಣ್ಣು ಮಂಜಾಗಿದ್ದ ಹಿರಿಯರೊಬ್ಬರಿಗೆ ಪಕ್ಕದ ಕುರ್ಚಿಯ ಹುಡುಗ ಅಂಕಿಗಳನ್ನು ಓದಿ ಹೇಳುತ್ತಿದ್ದ. ಸ್ವಲ್ಪ ಹೊತ್ತಿನಲ್ಲಿ ಇಬ್ಬರೂ ಬೇರೆ ಬೇರೆ ಪಕ್ಷದವರೆಂದು ಗೊತ್ತಾಯಿತು. ಮಾತು ಜೋರಾಯಿತು. ಯಾವುದೋ ಪಂಪ್‌ನ ಅಲಾರಂ ಹೊಡೆದುಕೊಂಡಿತು. ಬಂದ ನರ್ಸ್ ಸಿಸ್ಟರ್ ನಳಿಕೆ ಸರಿಪಡಿಸಿ, ‘ಕೈ ಅಲ್ಲಾಡಿಸದೆ ಜಗಳ ಆಡಿ’ ಎಂದು ಹೇಳಿ ಹೋದರು. ಆ ಬೆಳಿಗ್ಗೆ ಅಲ್ಲಿ ಯಾರೂ ವಾಂತಿಯ ಬಗ್ಗೆ ಮಾತಾಡಲಿಲ್ಲ.

ಒಂದು ಎಚ್ಚರಿಕೆ. ವಾಂತಿ ತಡೆಯಲು ಕೀಮೋ ಜೊತೆ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಕೊಡುತ್ತಾರೆ. ಆ ರಾತ್ರಿ ನಿದ್ದೆ ಬರುವುದಿಲ್ಲ, ಮೈಯಲ್ಲಿ ಇಲ್ಲದ ಶಕ್ತಿ, ಮಾತಿನಲ್ಲಿ ಇಲ್ಲದ ಖಾರ. ನಡುರಾತ್ರಿ ಎರಡು ಗಂಟೆಗೆ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಜಮ್ಮಾ ಬಾಣೆಯ (ಕೊಡಗಿನ ವಂಶಪಾರಂಪರ್ಯದ ಭೂಮಿಯ) ಬಗ್ಗೆಯೋ ಪಶ್ಚಿಮ ಘಟ್ಟ ಕುರಿತ ಕಸ್ತೂರಿರಂಗನ್ ವರದಿಯ ಬಗ್ಗೆಯೋ ಉದ್ದುದ್ದ ಬರೆಯಬೇಕೆನ್ನಿಸುತ್ತದೆ. ಬರೆಯಿರಿ, ಕಳುಹಿಸುವುದು ಬೆಳಿಗ್ಗೆ. ಮಾತ್ರೆಯ ರೂಪದಲ್ಲಿ ಅದನ್ನು ಕೊಟ್ಟಿದ್ದರೆ, ದಿನದ ಮೊದಲ ಭಾಗದಲ್ಲೇ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ. ನಿದ್ದೆಗೆಟ್ಟ ರಾತ್ರಿಗಳಲ್ಲಿ ಮನಸ್ಸು ಕತ್ತಲಾದರೆ ಟೆಲಿ ಮನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಇಷ್ಟೆಲ್ಲ ಸುದ್ದಿಯಲ್ಲಿ ರೋಗಿಗೆ ನಿಜವಾಗಿ ಸಂಬಂಧಿಸಿದ್ದು ಯಾವುದು?

ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು. 2019ರ ಫೆಬ್ರುವರಿಯಲ್ಲಿ ಕೇಂದ್ರದ ಔಷಧ ದರ ಪ್ರಾಧಿಕಾರ 42 ಕ್ಯಾನ್ಸರ್ ಔಷಧಗಳ ಮಾರಾಟದ ಲಾಭಾಂಶವನ್ನು ಶೇ 30ಕ್ಕೆ ಮಿತಿಗೊಳಿಸಿತು. 2025ರ ಸೆಪ್ಟೆಂಬರ್ 22ರಿಂದ ಹಲವು ಜೀವರಕ್ಷಕ ಔಷಧಗಳ ಜಿಎಸ್‌ಟಿ ಸೊನ್ನೆಯಾಯಿತು, ಉಳಿದ ಹೆಚ್ಚಿನ ಔಷಧಗಳದು ಶೇ 12ರಿಂದ 5ಕ್ಕೆ ಇಳಿಯಿತು, ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿನ ತೆರಿಗೆ ಹೋಯಿತು. ಬಿಲ್ಲಿನಲ್ಲಿ ಹಳೆಯ ದರ ಕಂಡರೆ ಕೇಳಿ. 2025–26ರ ಕೇಂದ್ರ ಬಜೆಟ್ ಮೂರು ವರ್ಷಗಳಲ್ಲಿ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲಿ ಹಗಲು ಕ್ಯಾನ್ಸರ್ ಕೇಂದ್ರಗಳನ್ನು ತೆರೆಯುವ ಮಾತು ಕೊಟ್ಟಿತು. ರಾಜ್ಯ ಸರ್ಕಾರವೂ ಅದೇ ವರ್ಷ ಜಿಲ್ಲಾ ಮಟ್ಟದಲ್ಲಿ ಹಗಲು ಕೀಮೋ ಕೇಂದ್ರಗಳನ್ನು ಆರಂಭಿಸಿತು. ದೊಡ್ಡ ಆಸ್ಪತ್ರೆಯಲ್ಲಿ ಯೋಜನೆ ಹಾಕಿಸಿಕೊಂಡು, ಸುಲಭದ ಕೀಮೋವನ್ನು ಮನೆಯ ಹತ್ತಿರ ಹಾಕಿಸಿಕೊಳ್ಳುವುದು ನಮ್ಮಂಥ ಬೆಟ್ಟದ ಜಿಲ್ಲೆಗೆ ಬದುಕನ್ನೇ ಬದಲಿಸುವ ವಿಷಯ. ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಈ ಸೌಲಭ್ಯದ ಬಗ್ಗೆ ವಿಚಾರಿಸಿ, ನಿಮ್ಮ ಶಾಸಕರನ್ನೂ ಕೇಳಿ.

ಕೇಳಿದರೆ ಏನಾಗುತ್ತದೆ ಎನ್ನುವವರು 2019ರ ಜೂನ್ ನೆನಪಿಸಿಕೊಳ್ಳಲಿ. ಕೊಡಗಿಗೆ ಸುಸಜ್ಜಿತ ತುರ್ತು ಆಸ್ಪತ್ರೆ ಬೇಕೆಂದು ಇಲ್ಲಿನ ಯುವಕರು ಸಾಮಾಜಿಕ ಜಾಲತಾಣದಲ್ಲಿ ಎಬ್ಬಿಸಿದ ಕೂಗು ರಾಜ್ಯದಾದ್ಯಂತ ಕೇಳಿಸಿತು. 1952ರಿಂದ 1956ರವರೆಗೆ 24 ಸದಸ್ಯರ ಸ್ವಂತ ವಿಧಾನಸಭೆ ಇದ್ದ ನಾಡು ಇದು. 2008ರ ಕ್ಷೇತ್ರ ಮರುವಿಂಗಡಣೆಗೆ ಮುನ್ನ ಮೂರಿದ್ದ ವಿಧಾನಸಭಾ ಸ್ಥಾನಗಳು ಈಗ ಎರಡು, ಲೋಕಸಭೆಗೆ ಮೈಸೂರಿನ ಜೊತೆ ಪಾಲು. ಎಣಿಕೆಯಲ್ಲಿ ಸಣ್ಣವರಾದವರು ದನಿಯಲ್ಲೂ ಸಣ್ಣವರಾದರೆ ಎಕ್ಸ್‌ರೇ ತೆಗೆಸಲೂ ಘಟ್ಟ ಇಳಿಯಬೇಕಾಗುತ್ತದೆ.

ಮತದಾನದ ದಿನ ನಾನು ಚಿಕಿತ್ಸೆಯಲ್ಲಿದ್ದರೆ ಮನೆಯಿಂದಲೇ ಮತ ಹಾಕಬಹುದೇ?

ಕ್ಯಾನ್ಸರ್ ಇದೆ ಎಂಬ ಒಂದೇ ಕಾರಣಕ್ಕೆ ಆಗುವುದಿಲ್ಲ. ಮನೆಯಿಂದ ಮತದಾನಕ್ಕೆ ಅವಕಾಶವಿರುವುದು 85 ವರ್ಷ ದಾಟಿದವರಿಗೆ ಮತ್ತು ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯದ ಪ್ರಮಾಣಪತ್ರ ಇರುವವರಿಗೆ. ಅವರೂ ಚುನಾವಣಾ ಅಧಿಸೂಚನೆ ಹೊರಟ ಐದು ದಿನಗಳೊಳಗೆ 12ಡಿ ನಮೂನೆ ಕೊಡಬೇಕು. ಆಸ್ಪತ್ರೆಯ ಹಾಸಿಗೆಗೆ ಮತಯಂತ್ರ ಬರುವುದಿಲ್ಲ. ಇದು ಅನ್ಯಾಯ ಎಂದು ನನಗೂ ಅನ್ನಿಸುತ್ತದೆ.

ಆದ್ದರಿಂದ ದಿನಾಂಕ ಪ್ರಕಟವಾದ ಕೂಡಲೇ ಕ್ಯಾಲೆಂಡರ್ ಮುಂದೆ ನಿಲ್ಲಿ. ಮತದಾನ ಮೂರನೆಯ ವಾರಕ್ಕೆ ಬಿದ್ದರೆ ಯೋಚನೆಯೇ ಇಲ್ಲ. ಕೌಂಟ್ ಬೀಳುವ ವಾರಕ್ಕೆ ಬಿದ್ದರೆ ವೈದ್ಯರ ಒಪ್ಪಿಗೆ ಪಡೆದು, ಮಾಸ್ಕ್ ಹಾಕಿಕೊಂಡು ಬೆಳಿಗ್ಗೆ ಏಳಕ್ಕೇ ಹೋಗಿ ಬನ್ನಿ. ನಿಲ್ಲಲಾರದ ಸ್ಥಿತಿಯನ್ನು ಮತಗಟ್ಟೆಯ ಸಿಬ್ಬಂದಿಗೆ ತಿಳಿಸಿ, ಸರದಿ ಬಿಟ್ಟು ಒಳಗೆ ಬಿಡುವಂತೆ ಕೇಳಿ. ಕೈ ಮರಗಟ್ಟಿ ಗುಂಡಿ ಒತ್ತಲಾಗದಿದ್ದರೆ 18 ತುಂಬಿದ ಒಬ್ಬರನ್ನು ಸಹಾಯಕ್ಕೆ ಕರೆದೊಯ್ಯಲು ನಿಯಮದಲ್ಲಿ ಅವಕಾಶವಿದೆ. ಅಧ್ಯಕ್ಷಾಧಿಕಾರಿಗೆ ಹೇಳಿದರೆ ನಮೂನೆ ತುಂಬಿಸಿಕೊಳ್ಳುತ್ತಾರೆ. ಕೂದಲು, ಹುಬ್ಬು ಹೋಗಿ ಗುರುತಿನ ಚೀಟಿಯ ಫೋಟೋಗೂ ನಿಮಗೂ ಸಂಬಂಧವೇ ಇಲ್ಲದಂತಾಗಿದ್ದರೆ ಆಧಾರ್ ಕೂಡ ಜೇಬಿನಲ್ಲಿರಲಿ.

ಚಿಕಿತ್ಸೆಗೆಂದು ತಿಂಗಳುಗಟ್ಟಲೆ ಬೆಂಗಳೂರಿನಲ್ಲಿದ್ದೇನೆ. ಮತದಾರರ ಪಟ್ಟಿಯಿಂದ ಹೆಸರು ತೆಗೆದುಹಾಕುತ್ತಾರೆಯೇ?

ಬೀಗ ಹಾಕಿದ ಮನೆ ಕಂಡರೆ ಸ್ಥಳಾಂತರವಾಗಿದ್ದಾರೆ ಎಂದು ಬರೆದುಕೊಳ್ಳುವ ಸಾಧ್ಯತೆ ಇದ್ದೇ ಇದೆ. ಮತಗಟ್ಟೆ ಮಟ್ಟದ ಅಧಿಕಾರಿ ಬಹುತೇಕ ನಿಮ್ಮೂರಿನ ಶಿಕ್ಷಕಿಯೋ ಅಂಗನವಾಡಿ ಕಾರ್ಯಕರ್ತೆಯೋ ಆಗಿರುತ್ತಾರೆ. ಒಂದು ಫೋನ್ ಮಾಡಿ ಹೇಳಿಬಿಡಿ. ಅನುಮಾನವಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ.

ವಿಲ್ ಬರೆಯುವುದೆಂದರೆ ಅಪಶಕುನ ಎನ್ನುತ್ತಾರೆ ಅತ್ತೆ.

ಅತ್ತೆಯವರನ್ನು ಗೌರವಿಸಿ, ವಿಲ್ ಬರೆಯಿರಿ. ಛಾಪಾ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳ ಸಹಿ ಬೇಕು, ಅವರು ಆಸ್ತಿಯಲ್ಲಿ ಪಾಲು ಪಡೆಯುವವರಾಗದಿದ್ದರೆ ಒಳ್ಳೆಯದು. ಆದರೆ ಚಿಕಿತ್ಸೆಯ ನಡುವೆ ಬರೆಯುವ ವಿಲ್‌ಗೆ ನೋಂದಣಿ ಮಾಡಿಸುವುದೇ ವಾಸಿ. ‘ಔಷಧದ ಮಂಪರಿನಲ್ಲಿ ಬರೆಸಿಕೊಂಡರು’ ಎಂದು ನಾಳೆ ಯಾರಾದರೂ ಹೇಳುವ ಮೊದಲು, ಅದೇ ದಿನಾಂಕದ ವೈದ್ಯರ ಪ್ರಮಾಣಪತ್ರವೂ ಜೊತೆಗಿರಲಿ. ಎದ್ದು ಹೋಗಲಾರದವರ ಮನೆಗೆ ಉಪನೋಂದಣಾಧಿಕಾರಿಯೇ ಬರಲು ಕಾನೂನಿನಲ್ಲಿ ಅವಕಾಶವಿದೆ.

ಕೊಡಗಿನ ತೊಡಕು ಜಮ್ಮಾ ಭೂಮಿಯದು. ಪಹಣಿಯಲ್ಲಿ ಪಟ್ಟೇದಾರರಾಗಿ ನಿಮ್ಮ ಹೆಸರಿದ್ದ ಮಾತ್ರಕ್ಕೆ ಅದೆಲ್ಲ ನಿಮ್ಮದಲ್ಲ, ಒಕ್ಕದ, ಅಂದರೆ ಕೂಡುಕುಟುಂಬದ, ಉಳಿದವರ ಹಕ್ಕೂ ಅದರೊಳಗಿದೆ. ಸ್ವಂತ ಸಂಪಾದನೆಯ ತೋಟವನ್ನೂ ಜಮ್ಮಾ ಪಾಲನ್ನೂ ಬೇರೆ ಬೇರೆ ಬರೆದು, ಇಲ್ಲಿನ ಭೂ ಕಾನೂನು ಬಲ್ಲ ವಕೀಲರಿಗೆ ತೋರಿಸಿ. ಬೆಂಗಳೂರಿನ ವಕೀಲರಿಗೆ ಬಾಣೆ, ಉಂಬಳಿ ಎಂದು ವಿವರಿಸುವುದರಲ್ಲೇ ಅರ್ಧ ಶುಲ್ಕ ಮುಗಿಯುತ್ತದೆ. ಬ್ಯಾಂಕ್ ಖಾತೆಯ ನಾಮಿನಿಯನ್ನೂ ನೋಡಿಕೊಳ್ಳಿ: 2025ರ ನವೆಂಬರ್ 1ರಿಂದ ನಾಲ್ವರವರೆಗೆ ಹೆಸರಿಸಬಹುದು. ನಾಮಿನಿ ಹಣ ಪಡೆಯುವವರು ಮಾತ್ರ, ವಾರಸುದಾರರೇ ಆಗಬೇಕೆಂದಿಲ್ಲ.

ಕೊಯ್ಲಿನ ಸಮಯದಲ್ಲಿ ತೋಟ ನೋಡುವವರಾರು? ಮಗನಿಗೆ ಅಧಿಕಾರ ಪತ್ರ ಕೊಟ್ಟರೆ ಸಾಕೇ?

ನೀವು ಎಚ್ಚರವಾಗಿ, ತಿಳಿವಳಿಕೆಯಿಂದ ಇರುವವರೆಗೆ ಸಾಕು. ಬುದ್ಧಿ ಸ್ವಾಧೀನ ತಪ್ಪಿದರೆ ಆ ಪತ್ರಕ್ಕೆ ಬಲವಿಲ್ಲ. ಆದ್ದರಿಂದ ಕೂಲಿ ಬಟವಾಡೆಗೆ ಜಂಟಿ ಖಾತೆ ತೆರೆದಿಡಿ. ಕಾಫಿ ಮಾರುವ ನಿರ್ಧಾರವನ್ನು ಮಾತ್ರ ಒಬ್ಬರಿಗೇ ವಹಿಸಿ. ಬೆಲೆ ಏರುತ್ತಿರುವಾಗ ಮೂವರು ಸೇರಿ ಮಾರಿದ ಕಾಫಿಗೆ ನಾಲ್ಕು ಜಗಳ ಗ್ಯಾರಂಟಿ.

ಕೊನೆಯ ಹಂತದಲ್ಲಿ ವೆಂಟಿಲೇಟರ್ ಬೇಡ ಎಂದು ಈಗಲೇ ಬರೆದಿಡಬಹುದೇ?

ಬರೆದಿಡಬಹುದು. ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಈ ಹಕ್ಕನ್ನು ಎತ್ತಿಹಿಡಿದು, 2023ರ ಜನವರಿಯಲ್ಲಿ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದನ್ನು ಜಾರಿಗೊಳಿಸುವ ಸುತ್ತೋಲೆ ಹೊರಡಿಸಿತು. ಇದು ದಯಾಮರಣದ ಚುಚ್ಚುಮದ್ದಲ್ಲ. ಗುಣವಾಗುವ ಭರವಸೆ ಇಲ್ಲದಾಗ, ನೀವೇ ಮಾತಾಡುವ ಸ್ಥಿತಿಯಲ್ಲಿ ಇಲ್ಲದಾಗ, ಬರೀ ಯಂತ್ರದಿಂದ ಉಸಿರು ಎಳೆಸಬೇಡಿ ಎಂಬ ಸೂಚನೆ. ನಿಮ್ಮ ಪರವಾಗಿ ಯಾರು ಮಾತಾಡಬೇಕೆಂದೂ ಅದರಲ್ಲಿ ಹೆಸರಿಸಿ. ಅಳುವವರನ್ನಲ್ಲ, ವೈದ್ಯರ ಎದುರು ಗಟ್ಟಿಯಾಗಿ ನಿಲ್ಲುವವರನ್ನು.

ನೋವು ಶಮನದ ವಿಭಾಗಕ್ಕೆ ಕಳುಹಿಸಿದರೆ ಕಥೆ ಮುಗಿಯಿತು ಎಂದು ಹೆದರಬೇಡಿ. ಚಿಕಿತ್ಸೆ ನಡೆಯುತ್ತಿರುವಾಗಲೇ ನೋವಿಗೆ ಮಾರ್ಫಿನ್ ಮಾತ್ರೆ ತೆಗೆದುಕೊಂಡು ತೋಟಕ್ಕೆ ಹೋಗಿ ಬರುವವರಿದ್ದಾರೆ.

ಚಿಕಿತ್ಸೆ ಮುಗಿಯುವ ಮೊದಲೇ ಗ್ರಾಮ ಪಂಚಾಯಿತಿ ಚುನಾವಣೆಗೆ ನಿಲ್ಲಬಹುದೇ?

ಕಾಯಿಲೆ ಅನರ್ಹತೆಯಲ್ಲ. ನಾಮಪತ್ರದ ಕೊನೆಯ ದಿನ ಕೀಮೋ ಮರುದಿನಕ್ಕೆ ಬೀಳದಂತೆ ನೋಡಿಕೊಳ್ಳಿ. ಪ್ರಚಾರಕ್ಕೆ ಮನೆಮನೆ ಸುತ್ತುವ ಕೆಲಸವನ್ನು ಅಡ್ಡಗೆರೆ ಎಳೆದ ವಾರದಲ್ಲಿ ತಮ್ಮಂದಿರಿಗೂ ನಾದಿನಿಯರಿಗೂ ಬಿಡಿ. ಅನುಕಂಪದ ಮತ ಬೇಡವೆಂದಿದ್ದರೆ ಕರಪತ್ರಕ್ಕೆ ಹಳೆಯ ಫೋಟೋ ಸಾಕು.